ಆ ರಂಧ್ರ ದುಂಡಗೆ ಉಳಿಯಲೆಂದೇ ಇಡೀ ಬ್ಲಾಕ್

ಪ್ರಶ್ನೆ: ನಮ್ಮ ತಂದೆಯವರ ಅಂಬಾಸಿಡರ್ ಕಾರಿನ ಎಂಜಿನ್ನನ್ನು ಎರಡು ಸಲ ರೀಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿಸಿ) ಇಪ್ಪತ್ತು ವರ್ಷಕ್ಕೂ ಹೆಚ್ಚು ಓಡಿಸಿದೆವು. ಈಗ ನನ್ನ ಬಳಿ ಇರುವ ಕಾರಿನದು ಅಲ್ಯೂಮಿನಿಯಂ ಬ್ಲಾಕ್. ಕಳೆದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಕೂಲಂಟ್ ಪೈಪ್ ಒಡೆದು ಎಂಜಿನ್ ಕಾದುಹೋಯಿತು. "ಹೆಡ್ ಜೊತೆ ಬ್ಲಾಕೂ ಹೋಗಿದೆ, ಅಲ್ಯೂಮಿನಿಯಂ ಬ್ಲಾಕನ್ನು ಬೋರ್ ಮಾಡೋಕೆ ಬರಲ್ಲ, ಹೊಸದೇ ಹಾಕಬೇಕು" ಅನ್ನುತ್ತಾರೆ ಗ್ಯಾರೇಜಿನವರು. ಬೆಲೆ ಕೇಳಿ ಗಾಬರಿಯಾಯಿತು. ಹಳೆಯ ಕಬ್ಬಿಣದ ಬ್ಲಾಕೇ ಒಳ್ಳೆಯದಿತ್ತಲ್ಲವೇ? ಅಷ್ಟಕ್ಕೂ ಒಂದು ಲೋಹದ ಪೆಟ್ಟಿಗೆಗೆ ಇಷ್ಟೊಂದು ಬೆಲೆ ಏಕೆ, ಅದನ್ನು ಹೇಗೆ ಮಾಡುತ್ತಾರೆ?

ಉತ್ತರ: ಗ್ಯಾರೇಜಿನವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಲ್ಯೂಮಿನಿಯಂ ಬ್ಲಾಕುಗಳಲ್ಲಿ ಬೋರ್ ಮಾಡಲು ಬರುವಂಥವೂ ಇವೆ, ಬಾರದಂಥವೂ ಇವೆ. ಕಾದುಹೋದ ಬ್ಲಾಕುಗಳಲ್ಲಿ ಗುಜರಿಗೆ ಹೋಗಬೇಕಾದವೂ ಇವೆ, ಇನ್ನೊಂದು ಲಕ್ಷ ಕಿಲೋಮೀಟರ್ ಓಡುವಂಥವೂ ಇವೆ. ನಿಮ್ಮದು ಯಾವ ಗುಂಪಿನದು ಎಂದು ಅಳತೆ ಹಿಡಿಯದೆ ಯಾರೂ ಹೇಳಲಾರರು. ಏನನ್ನು ಅಳೆಯಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಏಕೆ ಅಳೆಯಬೇಕು ಎಂದು ತಿಳಿಯಲು ಬ್ಲಾಕ್ ಹುಟ್ಟುವ ಬಗೆಯನ್ನು ನೋಡಲೇಬೇಕು.

ಎರಕದ ಮನೆಗಳಲ್ಲೇ ನನ್ನ ಕೆಲಸದ ಬದುಕು ಕಳೆದಿದೆ. ಬ್ಲಾಕಿನ ಬಗ್ಗೆ ಒಂದೇ ಮಾತು ಹೇಳು ಅಂದರೆ ಇಷ್ಟು ಹೇಳುತ್ತೇನೆ: ಪಿಸ್ಟನ್ ಓಡಾಡುವ ಆ ರಂಧ್ರ, ಅಂದರೆ ಬೋರ್, ಯಾವ ಸ್ಥಿತಿಯಲ್ಲೂ ದುಂಡಗೆ ಉಳಿಯಬೇಕು. ಮಿಕ್ಕ ಲೋಹವೆಲ್ಲ ಇರುವುದು ಅದಕ್ಕಾಗಿ. ಬೀಡೋ (ಎರಕದ ಕಬ್ಬಿಣವೋ) ಅಲ್ಯೂಮಿನಿಯಮ್ಮೋ, ನೀರು ಎಲ್ಲಿ ಹರಿಯಬೇಕು, ಬೋಲ್ಟು ಎಷ್ಟು ಆಳಕ್ಕೆ ಇಳಿಯಬೇಕು ಎಂಬ ತೀರ್ಮಾನಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ದುಂಡುತನದ ಮುಂದೆ.

ಅದು ಎಷ್ಟು ಕಷ್ಟ ಎಂದು ಲೆಕ್ಕ ಹಾಕೋಣ. 75 ಮಿಲಿಮೀಟರ್ ಬೋರಿನ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಇಂಧನ ಹೊತ್ತಿಕೊಂಡಾಗ ಒಳಗಿನ ಒತ್ತಡ 80 ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು) ಮುಟ್ಟಿತೆಂದರೆ ಪಿಸ್ಟನ್ನಿನ ಮೇಲೆ ಬೀಳುವ ಭಾರ ಸುಮಾರು 3.6 ಟನ್. 80 ಮಿಲಿಮೀಟರ್ ಬೋರಿನ ಡೀಸೆಲ್ ಎಂಜಿನ್ನಿನಲ್ಲಿ 160 ಬಾರ್ ಒತ್ತಡಕ್ಕೆ ಅದೇ ಭಾರ 8 ಟನ್ ದಾಟುತ್ತದೆ. ಇದು ನಿಮಿಷಕ್ಕೆ ಒಂದು ಸಲ ಬೀಳುವ ಪೆಟ್ಟಲ್ಲ. 3000 ಆರ್‌ಪಿಎಂನಲ್ಲಿ ಓಡುವ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಸೆಕೆಂಡಿಗೆ ನೂರು ಸಲ ಬೀಳುತ್ತದೆ. ಅನಿಲವು ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಮೇಲಕ್ಕೂ, ಪಿಸ್ಟನ್ನಿನ ಮೂಲಕ ಕೆಳಗೆ ತಿರುಗುವ ದಂಡವಾದ ಕ್ರ್ಯಾಂಕನ್ನು ಕೆಳಕ್ಕೂ ತಳ್ಳುತ್ತದೆ. ಇವೆರಡನ್ನೂ ಬಿಗಿದು ಹಿಡಿದ ಬ್ಲಾಕು ನಡುವೆ ಸಿಕ್ಕಿ ಪ್ರತಿ ಪೆಟ್ಟಿಗೂ ಹಿಗ್ಗಿ ಕುಗ್ಗುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಗೋಡೆಗೆ ಒತ್ತಿಕೊಂಡೇ ಇಳಿಯುತ್ತದೆ. ಇಷ್ಟೆಲ್ಲದರ ನಡುವೆ ಪಿಸ್ಟನ್ನಿಗೂ ಗೋಡೆಗೂ ಇರುವ ಸಂದು ಒಂದು ತಲೆಗೂದಲಿಗಿಂತ ಕಡಿಮೆ, ಮಿಲಿಮೀಟರಿನ ನೂರನೇ ಮೂರರಿಂದ ಐದು ಭಾಗ.

ವಿನ್ಯಾಸಕಾರ ಕಾಗದದ ಮೇಲೆ ಮೊದಲು ಗುರುತು ಹಾಕುವುದು ಬೋರಿನ ವ್ಯಾಸವನ್ನು, ಎರಡು ಬೋರುಗಳ ನಡುವಿನ ದೂರವನ್ನು. ಈ ಎರಡನೆಯದನ್ನು ಬೋರ್ ಪಿಚ್ ಎನ್ನುತ್ತೇವೆ. ಒಮ್ಮೆ ಇದನ್ನು ಗೊತ್ತುಮಾಡಿದರೆ ಕ್ರ್ಯಾಂಕಿನ ಉದ್ದ, ಹೆಡ್ಡಿನ ಉದ್ದ, ಕಾರ್ಖಾನೆಯ ಯಂತ್ರಗಳ ಸಾಲು ಎಲ್ಲವೂ ಅದಕ್ಕೆ ಕಟ್ಟುಬೀಳುತ್ತವೆ. ಆದ್ದರಿಂದಲೇ ಕಂಪನಿಗಳು ಈ ಸಂಖ್ಯೆಯನ್ನು ಸುಲಭಕ್ಕೆ ಬದಲಿಸುವುದಿಲ್ಲ. ಅಮೆರಿಕದ ಶೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರುಗಳ) ಎಂಜಿನ್ 1955ರಲ್ಲಿ ಬಂದಾಗ ಅದರ ಬೋರ್ ಪಿಚ್ 4.4 ಇಂಚು ಇತ್ತು. 1997ರಲ್ಲಿ ಹೊಸದಾಗಿ ಅಲ್ಯೂಮಿನಿಯಂ ಬ್ಲಾಕ್ ಮಾಡಿದಾಗಲೂ ಅದೇ 4.4 ಇಂಚು ಉಳಿಸಿಕೊಂಡರು. ನಿಮ್ಮ ತಂದೆಯವರ ಅಂಬಾಸಿಡರ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಎಂಬ ಕಾರು ಕಂಪನಿಯ ಬಿ ಸರಣಿಯದ್ದು, 1489 ಸಿಸಿ, ಬೋರ್ 73 ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಆ ಕಾಲದವರು ಗೋಡೆಗಳನ್ನು ಧಾರಾಳವಾಗಿ ದಪ್ಪ ಬಿಟ್ಟಿದ್ದರು. ನಿಮ್ಮ ಮನೆಯವರು ಎರಡು ಸಲ ರೀಬೋರ್ ಮಾಡಿಸಲು ಸಾಧ್ಯವಾದದ್ದು ಆ ಧಾರಾಳದಿಂದ.

ಇನ್ನು ಎರಕದ ಮಾತು. ನನಗೆ ಇಷ್ಟವಾದ ಭಾಗ ಇದು. ಸ್ವಲ್ಪ ಹೆಚ್ಚೇ ಹೇಳುತ್ತೇನೆ, ತಾಳ್ಮೆಯಿರಲಿ.

ಬ್ಲಾಕನ್ನು ಹೊರಗಿನಿಂದ ನೋಡಿದರೆ ಗಟ್ಟಿ ಲೋಹದಂತೆ ಕಾಣುತ್ತದೆ. ಕೊಯ್ದು ನೋಡಿದರೆ ಒಳಗೆ ಟೊಳ್ಳೇ ಹೆಚ್ಚು. ಸಿಲಿಂಡರುಗಳ ಸುತ್ತ ನೀರು ಹರಿಯುವ ಕೋಣೆ, ಎಣ್ಣೆಯ ಕಾಲುವೆ, ಕ್ರ್ಯಾಂಕ್ ತಿರುಗುವ ಜಾಗ. ನಡುವಿನ ಗೋಡೆಗಳು ಎಷ್ಟೋ ಕಡೆ 4-5 ಮಿಲಿಮೀಟರ್ ಮಾತ್ರ. ಈ ನೀರಿನ ಕೋಣೆಗೆ ಹೊರಗಿನಿಂದ ಯಾವ ಡ್ರಿಲ್ಲೂ ಹೋಗಲಾರದು, ಅದರ ದಾರಿಯೇ ಅಷ್ಟು ಸುತ್ತುಬಳಸು. ಹಾಗಾಗಿ ಟೊಳ್ಳನ್ನು ಮೊದಲು ಮಾಡಿಕೊಂಡು ಲೋಹವನ್ನು ಆಮೇಲೆ ಸುರಿಯುತ್ತಾರೆ. ದೇವಸ್ಥಾನದ ಗಂಟೆ ಎರಕ ಹೊಯ್ಯುವವರು ಒಳಗೆ ಮಣ್ಣಿನ ಗಟ್ಟಿ ಇಟ್ಟು ಸುತ್ತ ಕಂಚು ಸುರಿಯುತ್ತಾರಲ್ಲ, ಮೂಲತತ್ವ ಅದೇ. ಮಣ್ಣಿನ ಬದಲು ಇಲ್ಲಿ ಮರಳು. ಆ ಮರಳಿನ ಗಟ್ಟಿಗೆ ಕೋರ್ ಎಂದು ಹೆಸರು.

ಕೋರ್ ಮಾಡುವ ಬಗೆ ನೋಡಲು ಚೆಂದ. ಒಣಗಿದ ನುಣುಪು ಮರಳಿಗೆ ನೂರಕ್ಕೆ ಒಂದೆರಡು ಭಾಗದಷ್ಟು ರಾಳ ಬೆರೆಸಿ, ಗಾಳಿಯ ಒತ್ತಡದಿಂದ ಲೋಹದ ಪೆಟ್ಟಿಗೆಯೊಳಗೆ ಊದುತ್ತಾರೆ. ಬಳಿಕ ಅಮೈನ್ ಎಂಬ ಆವಿಯನ್ನು ಹಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ರಾಳ ಗಟ್ಟಿಯಾಗಿ ಮರಳು ಕಲ್ಲಿನಂತೆ ನಿಲ್ಲುತ್ತದೆ. ನೀರಿನ ಕೋಣೆಯ ಕೋರ್ ಕೈಗೆತ್ತಿಕೊಂಡರೆ ಜಾಲರಿ ಹಿಡಿದಂತೆ ಇರುತ್ತದೆ. ಕೆಲವು ಕಡೆ ಅದರ ದಪ್ಪ ಕಿರುಬೆರಳಿಗಿಂತ ಕಡಿಮೆ. ಕೈ ಜಾರಿದರೆ ಪುಡಿ. ಇದಕ್ಕೆ ಬೆಂಕಿ ತಡೆಯುವ ಲೇಪ ಹಚ್ಚಿ, ಒಣಗಿಸಿ, ಕ್ರ್ಯಾಂಕ್ ಜಾಗದ ಕೋರುಗಳ ಜೊತೆ ಜೋಡಿಸಿ, ಹೊರ ಅಚ್ಚಿನೊಳಗೆ ಕೂರಿಸುತ್ತಾರೆ. ಹೊರ ಅಚ್ಚನ್ನು ಹಸಿ ಮರಳಿನಲ್ಲಿ ಮಾಡುತ್ತಾರೆ. ಮರಳು, ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೂರಕ್ಕೆ ಮೂರು ನಾಲ್ಕು ಪಾಲು ನೀರು ಸೇರಿಸಿ ಯಂತ್ರದಲ್ಲಿ ಬಲವಾಗಿ ಒತ್ತಿದರೆ ಅಚ್ಚು ಸಿದ್ಧ.

ಆಮೇಲೆ 1400 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಬೀಡು ಬಂದು ಬೀಳುತ್ತದೆ. ಕೋರ್ ಆ ಬೀಡಿನಲ್ಲಿ ಮುಳುಗುವುದಿಲ್ಲ, ತೇಲಲು ನೋಡುತ್ತದೆ. ನೀರಿನೊಳಗೆ ಮರದ ತುಂಡು ಒತ್ತಿ ಹಿಡಿದಂತೆ. ಕರಗಿದ ಬೀಡು ಲೀಟರಿಗೆ ಸುಮಾರು 7 ಕಿಲೋ ತೂಗಿದರೆ ಕೋರಿನ ಮರಳು ಲೀಟರಿಗೆ 1.6 ಕಿಲೋ. ಎರಡು ಲೀಟರ್ ಗಾತ್ರದ ಕೋರನ್ನು ಲೋಹ ಹತ್ತು ಕಿಲೋಗೂ ಹೆಚ್ಚು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಆ ಸಪೂರ ಜಾಲರಿ ಅಷ್ಟರಲ್ಲಿ ಒಂದು ಮಿಲಿಮೀಟರ್ ಬಾಗಿತೆಂದರೆ ಗೋಡೆಯ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ತೆಳು ಬದಿ ಬೇಗ ಹಿಗ್ಗುತ್ತದೆ, ಬೋರ್ ಅಂಡಾಕಾರಕ್ಕೆ ತಿರುಗುತ್ತದೆ. ದುಂಡುತನ ಕೈತಪ್ಪುವುದು ಬಹಳ ಸಲ ಇಲ್ಲೇ, ಲೋಹ ಇನ್ನೂ ನೀರಾಗಿರುವಾಗಲೇ.

ತೇಲುವ ಕೋರನ್ನು ಹಿಡಿದು ನಿಲ್ಲಿಸಲು ಅದಕ್ಕೆ ಕೈಗಳಂತೆ ಚಾಚಿದ ಭಾಗಗಳಿರುತ್ತವೆ, ಅವು ಹೊರ ಅಚ್ಚಿನಲ್ಲಿ ಕೂರುತ್ತವೆ. ಎರಕ ಆರಿದ ಮೇಲೆ ಆ ಕೈಗಳಿದ್ದ ಜಾಗ ತೂತಾಗಿ ಉಳಿಯುತ್ತದೆ. ಒಳಗಿನ ಮರಳನ್ನು ಹೊರಗೆ ಉದುರಿಸುವುದೂ ಅದೇ ತೂತಿನಿಂದ. ನಂತರ ಅದಕ್ಕೆ ತಗಡಿನ ಬಟ್ಟಲೊಂದನ್ನು ಹೊಡೆದು ಮುಚ್ಚುತ್ತಾರೆ. ನಮ್ಮ ಮೆಕ್ಯಾನಿಕ್‌ಗಳು ಡಮ್ಮಿ ಅನ್ನುವುದು ಇದಕ್ಕೇ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟಿದಾಗ ಬ್ಲಾಕ್ ಒಡೆಯದಂತೆ ಕಾಪಾಡಲು ಇದನ್ನು ಇಟ್ಟಿದ್ದಾರೆ ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಅದು ಎರಕದವರ ದಾರಿ. ಕೂಲಂಟ್ ಹಾಕದೆ ಬರೀ ಬೋರ್‌ವೆಲ್ ನೀರು ತುಂಬಿ ಓಡಿಸುವವರ ಗಾಡಿಯಲ್ಲಿ ಮೊದಲು ತುಕ್ಕು ಹಿಡಿದು ಸೋರುವುದೂ ಈ ಡಮ್ಮಿಯೇ.

ಇನ್ನೊಂದು ಕಾಟ ಗಾಳಿಯದು. ಬಿಸಿ ಲೋಹ ತಾಗಿದ ಕೂಡಲೇ ಕೋರಿನ ರಾಳ ಸುಟ್ಟು ಅನಿಲವಾಗುತ್ತದೆ. ಅದು ಕೋರಿನ ಒಳಗಿನಿಂದಲೇ ಹೊರಹೋಗಬೇಕು. ದಾರಿ ಸಿಗದಿದ್ದರೆ ಲೋಹದೊಳಗೆ ಗುಳ್ಳೆಯಾಗಿ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಫೌಂಡ್ರಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹೊರಗೆ ಒಂದು ಕಲೆಯೂ ಇಲ್ಲದ ಬ್ಲಾಕುಗಳು, ಬೋರಿಂಗ್ ಎಲ್ಲ ಮುಗಿದು ಗಾಳಿ ತುಂಬಿ ಸೋರಿಕೆ ನೋಡುವಾಗ ಒಂದರ ಹಿಂದೆ ಒಂದು ಬಿದ್ದುಹೋಗುತ್ತಿದ್ದವು. ಕಾರಣ ಹುಡುಕಲು ವಾರಗಳೇ ಹಿಡಿದವು. ಕೋರಿಗೆ ಹಚ್ಚುವ ಲೇಪ ಸ್ವಲ್ಪ ದಪ್ಪವಾಗಿ ಕಲಸಿದ್ದರಿಂದ ಅನಿಲ ಹೋಗುವ ಕಿಂಡಿ ಮುಚ್ಚಿಹೋಗಿತ್ತು. ಅಂದಿನಿಂದ ನಾನು ಯಾವ ಎರಕದ ಮನೆಗೆ ಹೋದರೂ ಮೊದಲು ನೋಡುವುದು ಲೇಪದ ತೊಟ್ಟಿಯನ್ನು, ಕುಲುಮೆಯನ್ನು ಆಮೇಲೆ.

ಮರಳಿಗೂ ತನ್ನದೇ ಹಟವಿದೆ. ಸಾಮಾನ್ಯ ಮರಳು ಅಂದರೆ ಸ್ಫಟಿಕ. 573 ಡಿಗ್ರಿಯಲ್ಲಿ ಸ್ಫಟಿಕದ ರಚನೆ ಥಟ್ಟನೆ ಬದಲಾಗಿ ಮರಳು ಒಮ್ಮೆಲೇ ಹಿಗ್ಗುತ್ತದೆ, ಕೋರಿನ ಮೈ ಬಿರುಕು ಬಿಡುತ್ತದೆ. ಆ ಬಿರುಕಿಗೆ ಲೋಹ ನುಗ್ಗಿ ನೀರಿನ ಕೋಣೆಯೊಳಗೆ ತೆಳ್ಳನೆ ರೆಕ್ಕೆಯಂತೆ ಗಟ್ಟಿಯಾಗುತ್ತದೆ, ಕೂಲಂಟಿನ ದಾರಿಗೆ ಅಡ್ಡ ನಿಲ್ಲುತ್ತದೆ. ತೀರ ಸಪೂರ ಕೋರುಗಳಿಗೆ ದುಬಾರಿಯಾದರೂ ಜಿರ್ಕಾನ್ ಮರಳನ್ನು ಬಳಸುವುದು ಇದಕ್ಕೇ, ಅದು ಹೀಗೆ ಹಾರಿ ಬೀಳುವುದಿಲ್ಲ.

ಈ ಎಲ್ಲವನ್ನೂ ಒಂದೇ ತುಂಡಿನಲ್ಲಿ ಮಾಡುವ ಧೈರ್ಯ ಮೊದಲಿನಿಂದ ಇರಲಿಲ್ಲ. ಆರಂಭದ ಕಾರುಗಳಲ್ಲಿ ಸಿಲಿಂಡರುಗಳನ್ನು ಒಂದೊಂದಾಗಿ ಅಥವಾ ಜೋಡಿಯಾಗಿ ಎರಕ ಹೊಯ್ದು ಕೆಳಗಿನ ಪೆಟ್ಟಿಗೆಗೆ ಬೋಲ್ಟ್ ಹಾಕುತ್ತಿದ್ದರು. 1908ರ ಫೋರ್ಡ್ ಮಾಡೆಲ್ ಟಿ ನಾಲ್ಕು ಸಿಲಿಂಡರುಗಳನ್ನೂ ಕ್ರ್ಯಾಂಕ್ ಪೆಟ್ಟಿಗೆಯ ಮೇಲ್ಭಾಗವನ್ನೂ ಒಂದೇ ಎರಕಕ್ಕೆ ತಂದು, ಹೆಡ್ಡನ್ನು ಬಿಚ್ಚಲು ಬರುವಂತೆ ಮಾಡಿತು. 1932ರಲ್ಲಿ ಅದೇ ಫೋರ್ಡ್ ವಿ8 ಎಂಜಿನ್ನಿನ ಬ್ಲಾಕನ್ನು ಒಂದೇ ತುಂಡಾಗಿ ಎರಕ ಹೊಯ್ದು ಸಾಮಾನ್ಯರ ಬೆಲೆಗೆ ತಂದಿತು. ಹತ್ತಾರು ಕೋರುಗಳನ್ನು ಒಂದೇ ಅಚ್ಚಿನಲ್ಲಿ ಅಲುಗದಂತೆ ನಿಲ್ಲಿಸಬೇಕಿತ್ತು, ಶುರುವಿನಲ್ಲಿ ರಾಶಿ ರಾಶಿ ಬ್ಲಾಕುಗಳು ಕೆಟ್ಟವು. ಆ ಎಂಜಿನ್ನಿನ ಹೊಗೆಯ ದಾರಿಯನ್ನು ಬ್ಲಾಕಿನ ನೀರಿನ ಕೋಣೆಯ ನಡುವೆಯೇ ಹಾಯಿಸಿದ್ದರಿಂದ ಬೇಗ ಬಿಸಿಯಾಗುವ ಚಾಳಿ ಅದಕ್ಕೆ ಕೊನೆಯವರೆಗೂ ಅಂಟಿಕೊಂಡಿತು.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಕಬ್ಬಿಣವೇ ಒಳ್ಳೆಯದಿತ್ತಲ್ಲವೇ?

ಬೀಡು ನಿಜಕ್ಕೂ ಅದ್ಭುತ ಲೋಹ. ಬ್ಲಾಕಿಗೆ ಬಳಸುವ ಬೂದು ಬೀಡಿನಲ್ಲಿ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಇಂಗಾಲ, ಸುಮಾರು ಎರಡು ಪಾಲು ಸಿಲಿಕಾನ್ ಇರುತ್ತದೆ. ಆರುವಾಗ ಇಂಗಾಲದ ಬಹುಭಾಗ ಗ್ರ್ಯಾಫೈಟ್ ಎಸಳುಗಳಾಗಿ ಬೇರ್ಪಡುತ್ತದೆ. ಈ ಎಸಳುಗಳು ಮೂರು ಉಪಕಾರ ಮಾಡುತ್ತವೆ. ಬೋರಿನ ಮೈಗೆ ತಾವೇ ಜಾರುಗುಣ ಕೊಡುತ್ತವೆ. ಸದ್ದನ್ನೂ ನಡುಕವನ್ನೂ ನುಂಗುತ್ತವೆ. ಮತ್ತೆ, ಗ್ರ್ಯಾಫೈಟ್ ಹುಟ್ಟುವಾಗ ಹಿಗ್ಗುವುದರಿಂದ ಲೋಹ ಆರುವಾಗಿನ ಕುಗ್ಗುವಿಕೆಯನ್ನು ಬಹುಪಾಲು ತುಂಬಿಕೊಡುತ್ತವೆ, ಒಳಗೆ ಪೊಳ್ಳು ಬೀಳುವುದು ಕಡಿಮೆಯಾಗುತ್ತದೆ. ಎರಕದವನಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇಲ್ಲ. ಬೀಡಿನ ಬ್ಲಾಕಿನ ತಾಕತ್ತು ನೋಡಬೇಕೆಂದರೆ 1983ನ್ನು ನೆನೆಯಿರಿ. ಆ ವರ್ಷ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಬಿಎಂಡಬ್ಲ್ಯುನ 1.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ. ಅದರ ಬ್ಲಾಕಿನ ಮೂಲ ರಸ್ತೆ ಕಾರುಗಳ ಬೀಡಿನ ಬ್ಲಾಕು.

ಕರ್ನಾಟಕದವರಿಗೆ ಬೀಡು ದೂರದ್ದೂ ಅಲ್ಲ. ಸಂಡೂರು, ಬಳ್ಳಾರಿ ಸೀಮೆಯ ಅದಿರಿನ ಮಗ್ಗುಲಲ್ಲೇ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಬೀಡನ್ನೂ ತಯಾರಿಸುತ್ತದೆ, ಅದರಿಂದ ಟ್ರ್ಯಾಕ್ಟರ್ ಮತ್ತು ವಾಹನಗಳ ಸಿಲಿಂಡರ್ ಬ್ಲಾಕುಗಳನ್ನೂ ಎರಕ ಹೊಯ್ಯುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬೀಡಿನ ಕೆಲಸ ಕೈಯಿಂದ ಕೈಗೆ ದಾಟಿ ಬಂದಿದೆ. ನಿಮಗೆ ಅವಕಾಶ ಸಿಕ್ಕರೆ ಒಮ್ಮೆ ಎರಕ ಹೊಯ್ಯುವುದನ್ನು ನೋಡಿ ಬನ್ನಿ.

ಹಾಗಿದ್ದೂ ಕಾರುಗಳು ಬೀಡನ್ನು ಬಿಟ್ಟದ್ದು ತೂಕಕ್ಕಾಗಿ. ಬೀಡಿನ ಸಾಂದ್ರತೆ 7.2, ಅಲ್ಯೂಮಿನಿಯಮ್ಮಿನದು 2.7. ಸಣ್ಣ ನಾಲ್ಕು ಸಿಲಿಂಡರಿನ ಬೀಡಿನ ಬ್ಲಾಕ್ 35-40 ಕಿಲೋ ತೂಗುವಲ್ಲಿ ಅಲ್ಯೂಮಿನಿಯಮ್ಮಿನದು 20 ಕಿಲೋದ ಆಸುಪಾಸು. ಮುಂದಿನ ಚಕ್ರಗಳ ಮೇಲಿನ ಅಷ್ಟು ಭಾರ ಇಳಿದರೆ ಇಂಧನವೂ ಉಳಿಯುತ್ತದೆ, ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ. ಶಾಖವನ್ನು ಸಾಗಿಸುವುದರಲ್ಲೂ ಅಲ್ಯೂಮಿನಿಯಂ ಬೀಡಿಗಿಂತ ಎರಡು ಪಟ್ಟಿಗೂ ಮೇಲೆ. ಆದರೆ ಮೂರು ಕಡೆ ಸೋಲುತ್ತದೆ: ಬಿಗಿತ ಕಡಿಮೆ, ಪಿಸ್ಟನ್ನಿನ ಸುತ್ತ ಕೂರುವ ಬಳೆ, ಅಂದರೆ ಪಿಸ್ಟನ್ ರಿಂಗ್, ಉಜ್ಜಿದರೆ ಬೇಗ ಗೀರು ಬೀಳುತ್ತದೆ, ಬಿಸಿಗೆ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 300 ಮಿಲಿಮೀಟರ್ ಉದ್ದದ ಬ್ಲಾಕ್ 80 ಡಿಗ್ರಿ ಬಿಸಿಯೇರಿದರೆ ಬೀಡು ಕಾಲು ಮಿಲಿಮೀಟರ್ ಉದ್ದವಾಗುತ್ತದೆ, ಅಲ್ಯೂಮಿನಿಯಂ ಅರ್ಧ ಮಿಲಿಮೀಟರ್.

ಉಜ್ಜುವ ತೊಂದರೆಗೆ ಸಾಮಾನ್ಯ ಪರಿಹಾರ ಬೀಡಿನ ಲೈನರ್. ಹೊರಮೈ ಮುಳ್ಳು ಮುಳ್ಳಾಗಿರುವ ತೆಳು ಬೀಡಿನ ಕೊಳವೆಗಳನ್ನು ಅಚ್ಚಿನಲ್ಲಿ ಮೊದಲೇ ನಿಲ್ಲಿಸಿ ಸುತ್ತ ಅಲ್ಯೂಮಿನಿಯಂ ತುಂಬುತ್ತಾರೆ. ಮುಳ್ಳುಗಳು ಲೋಹವನ್ನು ಕಚ್ಚಿ ಹಿಡಿಯುತ್ತವೆ. ಇದರ ಜೊತೆಗೆ ಬರುವ ವಿಧಾನ ಒತ್ತಡದ ಎರಕ. ಇಲ್ಲಿ ಮರಳಿಲ್ಲ, ಅಚ್ಚೇ ಉಕ್ಕಿನದು. 650 ಡಿಗ್ರಿ ದಾಟಿದ ಅಲ್ಯೂಮಿನಿಯಮ್ಮನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಒಳಗೆ ನುಗ್ಗಿಸಿ, ಕೂಡಲೇ ನೂರಾರು ಬಾರ್ ಒತ್ತಡ ಹಾಕಿ ಹಿಡಿಯುತ್ತಾರೆ. ಆ ಒತ್ತಡಕ್ಕೆ ಅಚ್ಚು ಬಾಯಿಬಿಡದಂತೆ ಅಮುಕಿ ಹಿಡಿಯುವ ಯಂತ್ರದ ಬಲ ಎರಡು ಮೂರು ಸಾವಿರ ಟನ್. ಒಂದೆರಡು ನಿಮಿಷಕ್ಕೊಂದು ಬ್ಲಾಕ್ ಬೀಳುತ್ತದೆ.

ಈ ವೇಗಕ್ಕೆ ಒಂದು ಬೆಲೆ ಇದೆ, ಅದು ನಿಮ್ಮ ಕಾರಿಗೆ ನೇರವಾಗಿ ಸಂಬಂಧಿಸಿದ್ದು. ಮರಳಿನ ಕೋರನ್ನಾದರೆ ಒಡೆದು ಉದುರಿಸಬಹುದು, ಉಕ್ಕಿನ ಕೋರನ್ನು ನೆಟ್ಟಗೆ ಎಳೆದೇ ತೆಗೆಯಬೇಕು. ಹಾಗಾಗಿ ನೀರಿನ ಕೋಣೆ ಮೇಲಕ್ಕೆ ಬಾಯ್ತೆರೆದು ಉಳಿಯುತ್ತದೆ. ಹೆಡ್ ಬಿಚ್ಚಿ ಮೇಲಿನಿಂದ ನೋಡಿದರೆ ಸಿಲಿಂಡರುಗಳು ಸುತ್ತ ನೀರಿನ ಕಂದಕವಿರುವ ಕೋಟೆಯ ಬುರುಜುಗಳಂತೆ ನಿಂತಿರುತ್ತವೆ, ಮೇಲ್ತುದಿಯಲ್ಲಿ ಹೊರಗೋಡೆಯ ಆಸರೆ ಇಲ್ಲ. ಇದಕ್ಕೆ ಓಪನ್ ಡೆಕ್ ಎನ್ನುತ್ತಾರೆ. ತಣ್ಣಗಿದ್ದಷ್ಟು ದಿನ ಏನೂ ಆಗುವುದಿಲ್ಲ. ನೀರು ಬತ್ತಿ ಬಿಸಿ ಏರಿದಾಗ ಮೊದಲು ವಾಲುವುದು, ಕುಸಿಯುವುದು ಈ ಮೇಲ್ತುದಿ. ಅಂಬಾಸಿಡರಿನ ಬೀಡಿನ ಬ್ಲಾಕ್ ಅಂಥ ಕಷ್ಟವನ್ನು ತಡೆದುಕೊಂಡು ಎರಡು ಕೊಡ ನೀರು ಸುರಿಸಿಕೊಂಡು ಮನೆ ತಲುಪುತ್ತಿತ್ತು. ಈಗಿನ ಬ್ಲಾಕಿಗೆ ಅಷ್ಟು ಸೈರಣೆ ಇಲ್ಲ ಎಂಬುದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ.

ಇದರ ದೊಡ್ಡ ಪಾಠ ಕಲಿಸಿದ್ದು ಅಮೆರಿಕದ ಶೆವ್ರೊಲೆ ವೇಗಾ. 1970ರಲ್ಲಿ ಮಾರುಕಟ್ಟೆಗೆ ಬಂದ ಆ ಕಾರಿನ 2.3 ಲೀಟರ್ ಬ್ಲಾಕಿಗೆ ಲೈನರೇ ಇರಲಿಲ್ಲ. ನೂರಕ್ಕೆ 17 ಭಾಗ ಸಿಲಿಕಾನ್ ಇರುವ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದು, ಬೋರಿನ ಮೈಯಿಂದ ಅಲ್ಯೂಮಿನಿಯಮ್ಮನ್ನು ಸ್ವಲ್ಪ ಕರಗಿಸಿ ಗಟ್ಟಿ ಸಿಲಿಕಾನ್ ಹರಳುಗಳು ಮೇಲೆದ್ದು ನಿಲ್ಲುವಂತೆ ಮಾಡಿದ್ದರು, ರಿಂಗು ಆ ಹರಳುಗಳ ಮೇಲೆ ಜಾರಬೇಕಿತ್ತು. ವಿಚಾರ ಬಹಳ ಚೆನ್ನಾಗಿತ್ತು. ಆದರೆ ಬ್ಲಾಕು ಓಪನ್ ಡೆಕ್, ಮೇಲೆ ಕೂರಿಸಿದ್ದು ಬೀಡಿನ ಹೆಡ್, ಕೂಲಂಟಿನ ವ್ಯವಸ್ಥೆ ಸಾಲದು. ಕಾದಾಗ ಬೋರ್ ಸೊಟ್ಟಗಾಗಿ, ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಹೋಗಿ, ಎಣ್ಣೆ ಕುಡಿಯುವ ಕಾರು ಎಂದು ಹೆಸರು ಕೆಟ್ಟಿತು. ಅದೇ ಬಗೆಯ ಲೋಹವನ್ನು ಪೋರ್ಷೆ 928 ಕಾರಿನಲ್ಲಿ ಎಚ್ಚರದಿಂದ ಬಳಸಿ ಗೆದ್ದಿತು. ಲೋಹದ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನು ತಣ್ಣಗಿಟ್ಟ ಬಗೆಯನ್ನು ನೋಡಬೇಕು ಎಂದು ನಾನು ವಾದಿಸುವುದು ಈ ಎರಡು ಕಾರುಗಳನ್ನು ಮುಂದಿಟ್ಟುಕೊಂಡು. ಇತ್ತೀಚೆಗೆ ಲೈನರ್ ಬದಲು ಬೋರಿನ ಮೈಗೆ ಕರಗಿದ ಉಕ್ಕನ್ನು ತುಂತುರಾಗಿ ಸಿಂಪಡಿಸುವ ವಿಧಾನವೂ ಬಂದಿದೆ. ನಿಸಾನ್ ಜಿಟಿ-ಆರ್ ಅಂಥದ್ದು. ಆ ಲೇಪದ ದಪ್ಪ ಮಿಲಿಮೀಟರಿನ ಒಂದು ಸಣ್ಣ ಪಾಲು ಮಾತ್ರ, ಅದನ್ನು ಸಾಮಾನ್ಯ ಬೋರಿಂಗ್ ಅಂಗಡಿಯಲ್ಲಿ ಮುಟ್ಟುವಂತಿಲ್ಲ.

ಎರಕ ಮುಗಿದರೆ ಬ್ಲಾಕಿನ ಅರ್ಧ ಜನ್ಮವಷ್ಟೇ ಆಯಿತು. ಯಂತ್ರದ ಕೆಲಸದಲ್ಲಿ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ, ಎರಡೂ ನಿಮಗೆ ಉಪಯೋಗಕ್ಕೆ ಬರುತ್ತವೆ.

ಒಂದು, ಕ್ರ್ಯಾಂಕ್ ಕೂರುವ ರಂಧ್ರಗಳು. ಕ್ರ್ಯಾಂಕನ್ನು ಕೆಳಗಿನಿಂದ ಹಿಡಿಯುವ ಬೇರಿಂಗ್ ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದ ಮೇಲೆಯೇ ಈ ರಂಧ್ರಗಳನ್ನು ಒಂದೇ ನೇರದಲ್ಲಿ ಕೊರೆಯುತ್ತಾರೆ. ಪ್ರತಿ ಕ್ಯಾಪೂ ತನ್ನ ಜಾಗದಲ್ಲಿ, ತನ್ನ ದಿಕ್ಕಿನಲ್ಲಿ ಮಾತ್ರ ಸರಿ. ಬಿಚ್ಚುವಾಗ ಗುರುತು ಹಾಕದೆ ಅದಲುಬದಲು ಮಾಡಿದರೆ ಕ್ರ್ಯಾಂಕ್ ಹಿಡಿದುಕೊಳ್ಳುತ್ತದೆ, ಒಳ್ಳೆಯ ಬ್ಲಾಕೇ ಹಾಳಾಗುತ್ತದೆ.

ಎರಡು, ಹೋನಿಂಗ್. ಬೋರನ್ನು ಕೊರೆದ ಮೇಲೆ ಸಾಣೆಕಲ್ಲುಗಳು ತಿರುಗುತ್ತ ಮೇಲೆ ಕೆಳಗೆ ಓಡಿ ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳನ್ನು ಮೂಡಿಸುತ್ತವೆ. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ತೀರ ನುಣುಪಾದರೆ ಎಣ್ಣೆ ನಿಲ್ಲದು, ತೀರ ಒರಟಾದರೆ ರಿಂಗು ಸವೆಯುತ್ತದೆ. ಇಲ್ಲೇ ದುಂಡುತನದ ಕೊನೆಯ ಪರೀಕ್ಷೆ. ಹೆಡ್ ಬಿಗಿಯುವ 10 ಮಿಲಿಮೀಟರ್ ಬೋಲ್ಟ್ ಒಂದೊಂದೂ ನಾಲ್ಕು ಟನ್ನಿನಷ್ಟು ಎಳೆಯುತ್ತದೆ. ಸಿಲಿಂಡರಿನ ಸುತ್ತ ನಾಲ್ಕು ಬೋಲ್ಟು. ಬಿಗಿದಾಗ ದುಂಡಗಿದ್ದ ಬೋರು ನಾಲ್ಕೆಸಳಿನ ಹೂವಿನಂತೆ ಅತಿ ಸೂಕ್ಷ್ಮವಾಗಿ ಸೊಟ್ಟಗಾಗುತ್ತದೆ. ವಿನ್ಯಾಸಕಾರರು ಬೋಲ್ಟಿನ ಮರೆಯನ್ನು (ತಿರುಪಿನ ಸುರುಳಿ ಗೆರೆಗಳನ್ನು) ಮೇಲ್ಮೈಯಿಂದ ಸಾಕಷ್ಟು ಕೆಳಗೆ ಶುರುಮಾಡುವುದು ಈ ಎಳೆತ ಬೋರಿನ ಮೇಲ್ತುದಿಗೆ ತಟ್ಟದಿರಲಿ ಎಂದು. ಒಳ್ಳೆಯ ಅಂಗಡಿಯವರು ಹೋನ್ ಮಾಡುವಾಗ ಹೆಡ್ಡಿನ ಬದಲು ದಪ್ಪನೆಯ ಉಕ್ಕಿನ ಹಲಗೆಯನ್ನು ಅಷ್ಟೇ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿದು, ಸೊಟ್ಟಗಾದ ಸ್ಥಿತಿಯಲ್ಲೇ ದುಂಡಗೆ ಉಜ್ಜುತ್ತಾರೆ. ಹಲಗೆ ತೆಗೆದರೆ ಬೋರು ಸೊಟ್ಟ, ಹೆಡ್ ಕೂರಿಸಿದರೆ ದುಂಡು. ನಿಮ್ಮೂರಿನ ಬೋರಿಂಗ್ ಅಂಗಡಿಯಲ್ಲಿ ಈ ಹಲಗೆ, ಅಂದರೆ ಟಾರ್ಕ್ ಪ್ಲೇಟ್, ಇದೆಯೇ ಎಂದು ಕೇಳಿ ನೋಡಿ. ಅವರ ಉತ್ತರದಿಂದಲೇ ಅಂಗಡಿ ಎಂಥದೆಂದು ಗೊತ್ತಾಗುತ್ತದೆ.

ಬೆಲೆಯ ಮಾತಿಗೆ ಈಗ ಉತ್ತರ ಅರ್ಧ ಸಿಕ್ಕಿರಬೇಕು. ಲೋಹದ ಬೆಲೆ ಅದರಲ್ಲಿ ಸಣ್ಣ ಪಾಲು. ಒತ್ತಡದ ಎರಕದ ಉಕ್ಕಿನ ಅಚ್ಚಿಗೆ ಕೋಟಿಗಟ್ಟಲೆ ಹಣ ಬೀಳುತ್ತದೆ, ಒಂದು ಲಕ್ಷದ ಆಸುಪಾಸು ಬ್ಲಾಕ್ ತೆಗೆಯುವಷ್ಟರಲ್ಲಿ ಬಿಸಿ ತಣ್ಣನೆಯ ಹೊಡೆತಕ್ಕೆ ಅದರ ಮೈ ಬಿರಿಯುತ್ತದೆ. ಇನ್ನು ಎರಕದ ದೋಷ ಬಹಳ ಸಲ ಹೊರಬರುವುದು ಯಂತ್ರದ ಕೆಲಸ ಪೂರ್ತಿ ಮುಗಿದ ಮೇಲೆ. ಅಷ್ಟು ದುಡಿಮೆ ಸುರಿದ ಬ್ಲಾಕನ್ನು ಮತ್ತೆ ಕರಗಿಸಬೇಕಾಗುತ್ತದೆ, ಅದರ ವೆಚ್ಚವನ್ನು ಪಾಸಾದ ಬ್ಲಾಕುಗಳೇ ಹೊರಬೇಕು.

ಈಗ ನಿಮ್ಮ ಬ್ಲಾಕಿಗೆ ಬರೋಣ. ಮೊದಲು ನಿಮ್ಮ ಎಂಜಿನ್ನಿನ ಸರ್ವೀಸ್ ಮ್ಯಾನ್ಯುಯಲ್ ತರಿಸಿ ನೋಡಿ. ಬೋರಿನಲ್ಲಿ ಬೀಡಿನ ಲೈನರ್ ಇದೆಯೋ ಬರೀ ಲೇಪವೋ ಎಂಬುದು ಅದರಲ್ಲಿರುತ್ತದೆ. ಆಯಸ್ಕಾಂತ ಹಿಡಿದರೂ ಸುಳಿವು ಸಿಗುತ್ತದೆ: ಸುತ್ತಲಿನ ಅಲ್ಯೂಮಿನಿಯಮ್ಮಿಗೆ ಅಂಟದೆ ಬೋರಿನ ಒಳಗೋಡೆಗೆ ಗಟ್ಟಿಯಾಗಿ ಅಂಟಿದರೆ ಅಲ್ಲಿ ಬೀಡಿನ ಲೈನರ್ ಇರುವ ಸಂಭವ ಹೆಚ್ಚು. ಲೈನರ್ ಇದ್ದು, ಕಂಪನಿಯವರು ಓವರ್‌ಸೈಜ್ ಪಿಸ್ಟನ್ (ಅಗಲ ಮಾಡಿದ ಬೋರಿಗೆ ಹೊಂದುವ ದೊಡ್ಡ ಪಿಸ್ಟನ್) ಮಾಡುತ್ತಿದ್ದರೆ ಬೋರ್ ಮಾಡಿಸಬಹುದು. ಓವರ್‌ಸೈಜ್ ಪಿಸ್ಟನ್ ಇಲ್ಲವೆಂದರೆ ಆ ಲೈನರನ್ನು ಕೊರೆಯುವ ಸಾಹಸ ಬೇಡ, ಅದರ ಗೋಡೆ ಎರಡು ಮೂರು ಮಿಲಿಮೀಟರ್ ಮಾತ್ರ. ಹೊಸ ಲೈನರ್ ಹಾಕಿಸುವುದು ಸಾಧ್ಯವಿದೆ, ಆದರೆ ಓಪನ್ ಡೆಕ್ ಬ್ಲಾಕಿನಲ್ಲಿ ಅದನ್ನು ಮಾಡಿ ಕೈ ಪಳಗಿದವರ ಹತ್ತಿರ ಮಾತ್ರ.

ಆಮೇಲೆ ಅಳತೆ. ಬ್ಲಾಕಿನ ಮೇಲ್ಮೈಯನ್ನು ಗ್ಯಾಸ್ಕೆಟ್ಟಿನ ಚೂರೂ ಉಳಿಯದಂತೆ ಒರೆಸಿ, ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಕ್ಕೆ ಇಟ್ಟು, ಸಂದು ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜ್ ತೂರಿಸಿ ನೋಡಲಿ. ಹಲವು ಎಂಜಿನ್ನುಗಳಿಗೆ ಮಿತಿ 0.05 ಮಿಲಿಮೀಟರ್ ಹತ್ತಿರ, ನಿಮ್ಮದಕ್ಕೆ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಪ್ರತಿ ಬೋರನ್ನೂ ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಕ್ರ್ಯಾಂಕಿನ ಉದ್ದಕ್ಕೂ ಅದಕ್ಕೆ ಅಡ್ಡಲಾಗಿಯೂ ಅಳೆಯಲಿ. ಒಂದು ಬೋರಿಗೆ ಆರು ಸಂಖ್ಯೆಗಳು ಸಿಗುತ್ತವೆ. ಮೇಲ್ತುದಿಯ ಎರಡು ಸಂಖ್ಯೆಗಳ ನಡುವೆ ಅಂತರ ಹೆಚ್ಚಿದ್ದರೆ ಓಪನ್ ಡೆಕ್ ಕುಸಿದಿದೆ ಎಂದು ತಿಳಿಯಿರಿ. ಹೆಡ್ ಬೋಲ್ಟಿನ ಮರೆಗಳು ಕಿತ್ತುಬಂದಿವೆಯೇ ನೋಡಲಿ, ಅತಿ ಬಿಸಿಗೆ ಅಲ್ಯೂಮಿನಿಯಂ ಮೆತ್ತಗಾಗಿ ಬಿಗಿಯುವಾಗ ಮರೆ ಎದ್ದುಬರುವುದುಂಟು. ಮರೆ ಹೋಗಿದ್ದರೆ ಸ್ಟೀಲ್ ಇನ್ಸರ್ಟ್ ಹಾಕಿ ಸರಿಪಡಿಸಬಹುದು, ಅದಕ್ಕಾಗಿ ಬ್ಲಾಕ್ ಎಸೆಯಬೇಕಿಲ್ಲ. ಕೊನೆಗೆ ನೀರಿನ ಕೋಣೆಗೆ ಗಾಳಿ ತುಂಬಿ ಬಿಸಿನೀರಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡಲಿ. ಕೂದಲೆಳೆಯ ಬಿರುಕು ಸಿಕ್ಕಿಬೀಳುವುದು ಅಲ್ಲೇ.

ಮೇಲ್ಮೈ ಮಾತ್ರ ಸೊಟ್ಟಗಿದ್ದು ಬೋರುಗಳು ಮಿತಿಯೊಳಗಿದ್ದರೆ, ಮ್ಯಾನ್ಯುಯಲ್ ಒಪ್ಪಿದಷ್ಟು ತೆಳುವಾಗಿ ಮೇಲ್ಮೈಯನ್ನು ಕೆತ್ತಿಸಿ ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟುಗಳೊಂದಿಗೆ ಜೋಡಿಸಿಕೊಳ್ಳಿ. ಹಳೆಯ ಬೋಲ್ಟುಗಳನ್ನು ಮತ್ತೆ ಬಳಸಬೇಡಿ, ಈಗಿನವು ಒಮ್ಮೆ ಹಿಗ್ಗುವಷ್ಟು ಬಿಗಿಯಲೆಂದೇ ಮಾಡಿದಂಥವು. ಬೋರಿನ ಮೇಲ್ತುದಿಯೇ ಸೊಟ್ಟಗಾಗಿದ್ದು, ಓವರ್‌ಸೈಜ್ ಪಿಸ್ಟನ್ನೂ ಸಿಗದಿದ್ದರೆ ಗ್ಯಾರೇಜಿನವರು ಹೇಳಿದ್ದೇ ಸರಿ, ಬ್ಲಾಕ್ ಬದಲಿಸಿ. ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಎಂಜಿನ್ ಮಾದರಿಯ ಹೆಸರಿನೊಂದಿಗೆ ನನಗೆ ಕಳುಹಿಸಿ, ಯಾವ ಗುಂಪಿನದೆಂದು ನೋಡಿ ಹೇಳುತ್ತೇನೆ.